ಮೈಕಿಗೆ ಅನುಮತಿ

ಅರವತ್ತೊಂದಕ್ಕೆ ನನ್ನ ಕಿವಿ
ಮೇಲಿನ ಸ್ವರಗಳನ್ನು ಬಿಟ್ಟುಕೊಡತೊಡಗಿತು,
ತಂಟೆಯಿಲ್ಲ, ತಗಾದೆಯಿಲ್ಲ.
ಮೊದಲು ಹೋದದ್ದು ಮಿಡತೆ. ಆಮೇಲೆ ಕೆಟಲಿನ ಸಿಳ್ಳೆಯ ತುದಿ.
ಆಮೇಲೆ ಪಿಯಾನೊದ ಬಲಗಡೆಯ ಹನ್ನೊಂದು ಮನೆ.

ಪಿಯಾನೊ ಶ್ರುತಿ ಮಾಡಿ ಉಣ್ಣುವವಳಿಗೆ
ಇದು ಹೇಳಿಕೊಳ್ಳುವ ಸುದ್ದಿಯಲ್ಲ.
ನಮ್ಮ ಲಿಯೆಪಾಯದಲ್ಲಿ ಓಡುವುದು ಒಂದೇ ದಾರಿಯ ಟ್ರಾಮು;
ಅದಕ್ಕಿಂತ ಮೊದಲು ಮಾತು ಕೊನೆಯ ನಿಲ್ದಾಣ ಮುಟ್ಟಿರುತ್ತದೆ.

ಆಗ ಸಿಕ್ಕಿದ್ದು ಈ ತಂತ್ರಾಂಶ.
ಬಿಟ್ಟಿ. ಮಾಡಿದವನು ಒಬ್ಬನೇ,
ಅಜೋರ್ಸ್ ದ್ವೀಪದ ವಿತೋರಿನೊ ಎಂಬವನು.
ಕಂಪನಿಯಿಲ್ಲ, ಕಚೇರಿಯಿಲ್ಲ, ಒಂದು ಈಮೇಲ್ ವಿಳಾಸ.
ಒಳಗೆ ಹೇಗಿದೆಯೆಂದು ಯಾರಿಗೂ ತೋರಿಸಿಲ್ಲ.
ತಂತಿ ನುಡಿದರೆ ತೆರೆಯ ಮೇಲೆ ಹಸಿರು ಚಕ್ರ ತಿರುಗುತ್ತದೆ,
ಶ್ರುತಿ ಕೂಡಿದಾಗ ನಿಲ್ಲುತ್ತದೆ. ಅಷ್ಟೇ.
ಆದರೆ ಶುರುವಿಗೆ ಮುಂಚೆ ಕೇಳುತ್ತದೆ:
ಮೈಕಿಗೆ ಅನುಮತಿ ಕೊಡುತ್ತೀರಾ?

ತಂಗಿಯ ಮಗ ರೈಟಿಸ್ ಬಂದರಿನ ಸುಂಕದ ಕಟ್ಟೆಯಲ್ಲಿ;
ಮುಚ್ಚಿದ ಪೆಟ್ಟಿಗೆ ಕಂಡರೆ ಅವನ ಕೈ ತುರಿಸುತ್ತದೆ.
"ಸುಮ್ಮನೆ ಯಾರೂ ತುತ್ತಿಡುವುದಿಲ್ಲ, ದೊಡ್ಡಮ್ಮ.
ದುಡ್ಡು ಕೇಳದವನು
ಇನ್ನೇನನ್ನೋ ಕೇಳಿಸಿಕೊಳ್ಳುತ್ತಿರುತ್ತಾನೆ."
ಸುಂಕದವನ ಮುಂದೆ ನಾನು ಕಿವಿಯ ಕಷ್ಟ ಹೇಳಲಿಲ್ಲ.

ಒಂದು ರಾತ್ರಿಯಿಡೀ ಕಾವಲು ಕೂತ,
ಲ್ಯಾಪ್‌ಟಾಪಿನಿಂದ ಏನು ಹೊರಟು ಎಲ್ಲಿಗೆ ಹೋಗುತ್ತದೆಂದು.
ಏನೂ ಹೊರಡಲಿಲ್ಲ. ಬೆಳಗಿನ ಜಾವ ಒಮ್ಮೆ ಮಾತ್ರ
ಹೊಸ ಆವೃತ್ತಿ ಬಂದಿದೆಯೇ ಎಂದು ವಿಚಾರಿಸಿ ಮತ್ತೆ ಮಲಗಿತು.
"ನಿನ್ನೆ ರಾತ್ರಿ ಕದಿಯಲಿಲ್ಲ," ಅಂದ. "ಗೊತ್ತಾದದ್ದು ಅಷ್ಟೇ."

ನಾನೇ ಬರೆದೆ ವಿತೋರಿನೊಗೆ:
ಯಾಕೆ ಬಿಟ್ಟಿ? ಯಾಕೆ ಬಾಗಿಲು ಹಾಕಿಕೊಂಡಿದ್ದೀಯ?
ಹತ್ತೊಂಬತ್ತು ದಿನ ಕಳೆದು ಉತ್ತರ,
ನನ್ನದರಷ್ಟೇ ಮುರುಕು ಇಂಗ್ಲಿಷಿನಲ್ಲಿ:
ಮಾರಿದರೆ ಗಿರಾಕಿಗಳು ಹುಟ್ಟಿಕೊಳ್ಳುತ್ತಾರೆ. ನನಗೆ ಹಸುಗಳಿವೆ.
ಬಾಗಿಲು ಯಾಕೆಂದರೆ, ಒಳಗೆಲ್ಲ ಗಲೀಜು. ನಾಚಿಕೆ.

ನಕ್ಕೆ. ಆಮೇಲೆ ನಗು ನಿಂತಿತು.
ಕಳ್ಳನೂ ಇದನ್ನೇ ಬರೆಯುತ್ತಿದ್ದ, ಹಸುಗಳ ಸಮೇತ.

ಆದರೆ ನಾನು?
ಮೂವತ್ತನಾಲ್ಕು ವರ್ಷ ಜನ ನನಗೆ ಬೀಗದ ಕೈ ಕೊಟ್ಟು
ಕೆಲಸಕ್ಕೆ ಹೋಗಿದ್ದಾರೆ, ಹೋಗುವಾಗ ಹೂಕುಂಡದ ಅಡಿ ಇಡಿ ಎಂದು.
ಪಿಯಾನೊದ ಮುಂಬದಿಯ ಹಲಗೆ ಕಳಚಿದರೆ
ಹಾಲುಹಲ್ಲು ಸಿಗುತ್ತದೆ, ಸೋವಿಯತ್ ಕಾಲದ ಕೊಪೆಕ್,
ಮನೆಯ ಯಜಮಾನನಿಗೆ ಗೊತ್ತಿಲ್ಲದ ಕಾಗದ.
ಪಕ್ಕದ ಕೋಣೆಯ ಜಗಳ ಕಿವಿಗೆ ಬಿದ್ದಿದೆ, ತಂತಿ ಬಿಗಿಯುತ್ತಿರುವಾಗಲೇ,
ಆಗ ಈ ಕಿವಿ ಚೆನ್ನಾಗಿತ್ತು.
ಎಲ್ಲಿಗೂ ಕಳಿಸಲಿಲ್ಲ ಅನ್ನುತ್ತೇನೆ.
ನನ್ನ ಮೇಲೆ ಯಾರು ಕೂತರು, ರಾತ್ರಿಯಿಡೀ, ಕಾವಲು?
ಒಂದು ಕಾಗದವನ್ನು ಮಾತ್ರ
ಕೊನೆಯ ಸಾಲಿನವರೆಗೆ ಓದಿದ್ದೇನೆ.
ಮೊದಲಿದ್ದಂತೆ ಮಡಚಿ, ಮೊದಲಿದ್ದಲ್ಲೇ ಇಟ್ಟೆ.

ಈಗ ಲ್ಯಾಪ್‌ಟಾಪಿಗೆ ವೈಫೈ ಇಲ್ಲ, ರೈಟಿಸ್ ಕಿತ್ತುಕೊಟ್ಟ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ;
ಕೆಳಗಿನ, ನಡುವಿನ ಮನೆಗಳಲ್ಲಿ ಶ್ರುತಿಕಡ್ಡಿ ಮೊಣಕಾಲಿಗೆ ಬಡಿದು
ಅವನ ಚಕ್ರವನ್ನು ಪ್ರಮಾಣಿಸುತ್ತೇನೆ. ಒಮ್ಮೆಯೂ ಸುಳ್ಳಾಡಿಲ್ಲ.
ಆ ಹನ್ನೊಂದರಲ್ಲಿ
ಪ್ರಮಾಣಿಸುವುದು ಯಾವುದರಿಂದ?

ಮೊನ್ನೆ ಕರೋಸ್ತಾದ ಒಂದು ಫ್ಲ್ಯಾಟು. ಹಳೆಯ ರೀಗಾ ಪಿಯಾನೊ.
ಏಳು ವರ್ಷದ ಉಂಡೀನೆ ಕೆಳಗೆ ಕೂತು ಬ್ರೆಡ್ ತಿನ್ನುತ್ತಿದ್ದಳು.
ಕಟ್ಟಕಡೆಯ ಮನೆ. ಚಕ್ರ ನಿಂತಿತು.
ನನಗೆ ಕೇಳಿಸಿದ್ದು ಬರಿಯ ಮರದ ಟಕ್.
"ಪುಟ್ಟೀ, ಒಂದು ಸದ್ದೋ, ಎರಡೋ?"
ಅಗಿಯುವುದು ನಿಲ್ಲಿಸಿದಳು.
"ಒಂದೂವರೆ."

ಕೀಲಿಯನ್ನು ಕೂದಲೆಳೆಯಷ್ಟು ಜರುಗಿಸಿದೆ.
"ಈಗ?"
"ಈಗ ಒಂದು."
ಚಕ್ರ ನಿಧಾನಕ್ಕೆ ಎಡಕ್ಕೆ ತಿರುಗುತ್ತಲೇ ಇತ್ತು.
ಹಾಗೇ ಬಿಟ್ಟು ಮುಚ್ಚಳ ಹಾಕಿದೆ.

ವಿತೋರಿನೊಗೆ ಬರೆಯಬೇಕು, ಕೊನೆಯ ಮನೆಯ ವಿಷಯ.
ಹಸುಗಳನ್ನೂ ವಿಚಾರಿಸಬೇಕು.